ಹನ್ನೆರಡು ತಾಯಂದಿರ ಒಂದು ಮರಿ

ಹೊಸಪೇಟೆ,
ಕ್ರೋಧನ ಸಂವತ್ಸರದ ಚೈತ್ರ ಬಹುಳ ಷಷ್ಠಿ, ಮಂಗಳವಾರ
೧೪-೪-೧೯೨೫

ಪ್ರೀತಿಯ ಅಕ್ಕ ಕೊಟ್ರಬಸಮ್ಮನಿಗೆ ತಂಗಿ ನೀಲಗಂಗಮ್ಮ ಮಾಡುವ ಶರಣು ಶರಣಾರ್ಥಿ.

ನಿನ್ನ ಎದೆ ಈಗ ಹೇಗಿದೆ ಅಕ್ಕಾ? ಕಳೆದ ಕಾಗದದಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ ಎಂದು ಬರೆದಿದ್ದೆ. ಆಡುಸೋಗೆ ಸೊಪ್ಪಿನ ಕಷಾಯ ಬಿಡಬೇಡ. ಕಹಿ ಎಂದು ಯಾರೂ ನೋಡದಾಗ ಹಿತ್ತಿಲ ಬಾಳೆಗಿಡಕ್ಕೆ ಸುರಿಯುವವಳು ನೀನು, ನನಗೆ ಗೊತ್ತಿಲ್ಲವೇ? ಭಾವನವರಿಗೆ ರೈಲ್ವೆ ಕಾರ್ಖಾನೆಯಲ್ಲಿ ಇನ್ನೂ ಕುಲುಮೆಯ ಮುಂದೆಯೇ ಕೆಲಸವೇ, ಅಥವಾ ಬೇರೆ ಕಡೆ ಹಾಕಿದರೇ? ಕಂಪ್ಲಿಯಿಂದ ಅವ್ವ ಹೇಳಿ ಕಳಿಸಿದ್ದಳು, ಮಂಡಿನೋವು ಇಳಿದಿದೆಯಂತೆ, ಕೋಲಿಲ್ಲದೆ ಹೊಳೆಗೆ ಹೋಗಿಬರುತ್ತಾಳಂತೆ. ನಮ್ಮನೆಯವರು ಕ್ಷೇಮ. ಗಿರಣಿಯ ಇಂಜಿನ್ನು ಮಾತ್ರ ಕೆಟ್ಟು ನಿಂತು ಹದಿನೈದು ದಿನವಾಯಿತು, ಸಾಮಾನು ಮದ್ರಾಸಿನಿಂದ ಬರಬೇಕು. ರೈತರು ತಂದ ಭತ್ತದ ಚೀಲಗಳು ಗೋದಾಮಿನಲ್ಲಿ ಸೂರು ಮುಟ್ಟಿವೆ. ಬಿಸಿಲಂತೂ ಹೇಳತೀರದು.

ಉಚ್ಚೆಂಗಿ ಚೆನ್ನಾಗಿದ್ದಾಳೆ. ನಿನ್ನ ಮಗಳು ಚೆನ್ನಾಗಿದ್ದಾಳೆ. ಎರಡು ಸಲ ಬರೆದದ್ದು ಕೈತಪ್ಪಿನಿಂದಲ್ಲ. ಈ ಆರೂವರೆ ವರ್ಷದಲ್ಲಿ ನಾನು ನಿನಗೆ ಬರೆದ ಒಂದು ಕಾಗದದಲ್ಲೂ ಅವಳನ್ನು 'ನಿನ್ನ ಮಗಳು' ಎಂದಿಲ್ಲ. 'ನಮ್ಮ ಉಚ್ಚೆಂಗಿ' ಎನ್ನುತ್ತಿದ್ದೆ, ಇಲ್ಲವೇ 'ಕೂಸು' ಎನ್ನುತ್ತಿದ್ದೆ. ನೀನು ಅದನ್ನು ಗಮನಿಸಿದ್ದೀಯೋ ಇಲ್ಲವೋ ತಿಳಿಯದು. ಗಮನಿಸಿರುತ್ತೀ. ಯುಗಾದಿಯ ಕಾಗದದಲ್ಲಿ ನೀನು ಕೇಳಿದ್ದು ಒಂದೇ ಮಾತು: ಅವಳಿಗೊಂದು ಲಂಗ ಹೊಲಿಯಬೇಕು, ನಡುವಿನಿಂದ ಪಾದದವರೆಗೆ ದಾರ ಹಿಡಿದು ಅಳೆದು ಆ ದಾರವನ್ನು ಲಕೋಟೆಯಲ್ಲಿಟ್ಟು ಕಳಿಸು ಎಂದು. ಆ ಕಾಗದ ಓದಿ ನಾನು ಒಲೆಯ ಹಿಂದಿನ ಗೂಡಿನಲ್ಲಿ ಇಟ್ಟುಬಿಟ್ಟೆ. ದಾರ ಕಳಿಸಿದರೆ ಆಮೇಲೆ ಇನ್ನೇನು ಕೇಳುತ್ತೀಯೋ ಎಂಬ ಹೆದರಿಕೆ. ಆದರೆ ಹೋದ ಶನಿವಾರ ಇಲ್ಲಿ ನಡೆದದ್ದನ್ನು ನಿನಗೆ ಬರೆಯದೆ ಗತಿಯಿಲ್ಲ.

ಬಳ್ಳಾರಿ ಕಡೆಯಿಂದ ಒಬ್ಬ ಡಾಕ್ಟರ ದೊರೆಸಾನಿ ಬಂದಿದ್ದಳು. ನಮ್ಮ ಹೆಂಗಸರು ಹೆರಿಗೆಗೆ ಅವಳ ದವಾಖಾನೆಗೆ ಬರಲಿ ಎಂದು ಊರೂರು ತಿರುಗುತ್ತಾಳೆ. ಬರಿಯ ಬುದ್ಧಿವಾದ ಹೇಳಿದರೆ ಯಾರು ಬರುತ್ತಾರೆ? ಅದಕ್ಕೇ ದೀಪದ ಪೆಟ್ಟಿಗೆಯೊಂದನ್ನು ತಂದಿದ್ದಳು. ಗಾಜಿನ ಮೇಲೆ ಬರೆದ ಚಿತ್ರವನ್ನು ಅದರೊಳಗೆ ತೂರಿಸಿದರೆ ಬಿಳೀ ಬಟ್ಟೆಯ ಮೇಲೆ ಆಳೆತ್ತರ ಮೂಡುತ್ತದೆ. ಮೊದಲು ದೇಶ ವಿದೇಶದ ವಿಚಿತ್ರ ತೋರಿಸುವುದು, ಆಮೇಲೆ ಬಾಣಂತಿಯರಿಗೆ ಹೇಳುವುದನ್ನು ಹೇಳುವುದು. ಹೆಂಗಸರಿಗೆ ಹಗಲಿನಲ್ಲೇ ತೋರಿಸಬೇಕು, ಕತ್ತಲೆಯೂ ಬೇಕು. ಅಂಥ ಜಾಗ ಊರಲ್ಲಿ ಇನ್ನೆಲ್ಲಿದೆ? ಹೇಗೂ ಇಂಜಿನ್ನು ನಿಂತಿದೆ ಎಂದು ನಮ್ಮನೆಯವರು ಗೋದಾಮು ಬಿಟ್ಟುಕೊಟ್ಟರು. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ, ಬಾಗಿಲು ಮುಚ್ಚಿ, ಮಧ್ಯಾಹ್ನ ಮೂರಕ್ಕೆ ಎಪ್ಪತ್ತು ಎಂಬತ್ತು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಕುಳಿತೆವು. ಭತ್ತದ ಧೂಳು, ಬೆವರು, ದೀಪದ ಹೊಗೆ. ದೊರೆಸಾನಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡ ಮಾಡಲು ಹಾಲಸ್ವಾಮಿ ಮಾಸ್ತರು ನಿಂತಿದ್ದರು. ಪಾಪ, ಅರವತ್ತರ ಮುದುಕರು, ಅಷ್ಟು ಹೆಂಗಸರ ನಡುವೆ ನಾಚಿಕೊಂಡು ಗೋಡೆಯ ಕಡೆ ಮುಖ ಮಾಡಿಯೇ ಮಾತಾಡಿದರು. ಉಚ್ಚೆಂಗಿ ನನ್ನ ತೊಡೆಯ ಮೇಲಿದ್ದಳು. ಪಕ್ಕದಲ್ಲಿ ನಮ್ಮ ಓಣಿಯ ಜಂಬಕ್ಕ. ನಿನಗೆ ನೆನಪಿದ್ದಾಳಲ್ಲ, ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು, ಮಾತಿನಮಲ್ಲಿ.

ದೊರೆಸಾನಿಯ ಅಣ್ಣನೊಬ್ಬ ಹಡಗಿನಲ್ಲಿ ಭೂಮಿಯ ತೆಂಕಣ ತುದಿಗೆ ಹೋಗಿ ಎರಡು ವರ್ಷ ಇದ್ದು ಬಂದವನಂತೆ. ಅಲ್ಲಿ ಕಂಡದ್ದನ್ನು ಅವನೇ ಕೈಯಾರೆ ಬರೆದ ಚಿತ್ರಗಳು. ಮೊದಲನೆಯದು ಬರಿಯ ಬಿಳುಪು. ಅದು ನೆಲವೇ ಎಂದು ಮಾಸ್ತರು ಹೇಳಿದರು: "ಆಲಿಕಲ್ಲು ಬೀಳತಾವಲ್ಲ, ಹಂಥಾದ್ದ ಕಲ್ಲು, ಕರಗೋದ ಇಲ್ಲ. ಅದ ಅಲ್ಲಿ ಭೂಮಿ." ಯಾರೂ ನಂಬಲಿಲ್ಲ. ಎರಡನೆಯ ಚಿತ್ರ ಬಂದ ಕೂಡಲೇ ಗೋದಾಮಿಗೆ ಗೋದಾಮೇ ನಕ್ಕುಬಿಟ್ಟಿತು. ಮನುಷ್ಯರ ಹಾಗೆ ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ ಹಕ್ಕಿಗಳು, ಸಾಲುಸಾಲು. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕಿವಿಯ ಹತ್ತಿರ ಅರಿಸಿನ ಬಳಿದ ಹಾಗೆ. ಚಳಿಗೆ ಒಂದರ ಮೈಗೆ ಒಂದು ಒತ್ತಿಕೊಂಡು, ತಲೆ ಬಗ್ಗಿಸಿ ನಿಂತಿದ್ದವು. ಹೊರಗಿನ ಅಂಚಿನಲ್ಲಿ ಗಾಳಿಗೆ ಸಿಕ್ಕವು ಮೆಲ್ಲಗೆ ಜರುಗುತ್ತ ಗುಂಪಿನ ಮರೆಗೆ ಸೇರಿಕೊಳ್ಳುತ್ತವಂತೆ. ಜಂಬಕ್ಕ ಎದ್ದು ನಿಂತು, "ಯವ್ವಾ, ಕರೀಕಂಬಳಿ ಹೊದ್ಕೊಂಡು ಕುರುಬರು ಕುರಿಹಟ್ಟಿ ಮುಂದ ನಿಂತಂಗ ಐತಿ ನೋಡ್ರೇ!" ಎಂದಳು. ಅದರ ಹೆಸರು ಪೆಂಗ್ವಿನ್ ಅಂತೆ. ಹಕ್ಕಿಯೇ ಆದರೂ ಹಾರಲು ಬಾರದು. ರೆಕ್ಕೆ ದೋಣಿಯ ಹುಟ್ಟಿನ ಹಾಗೆ ಗಟ್ಟಿ, ನೀರಿಗಿಳಿದರೆ ಅದರಿಂದಲೇ ಹಾರಿದ ಹಾಗೆ ಈಜುತ್ತದಂತೆ, ನಮ್ಮ ಹರಿಗೋಲಿನವರು ನಾಚಬೇಕು. ನಡೆದು ಸಾಕಾದರೆ ಹೊಟ್ಟೆಯ ಮೇಲೆ ಮಲಗಿ ಜಾರಿಕೊಂಡು ಹೋಗುತ್ತದಂತೆ. ಉಚ್ಚೆಂಗಿ ನಕ್ಕು ನಕ್ಕು ನನ್ನ ಸೆರಗು ಕಚ್ಚಿದಳು. ನನಗೂ ನಗು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು ಅಕ್ಕಾ.

ಆಮೇಲೆ ಮೊಟ್ಟೆಯ ಮಾತು ಬಂತು. ಎಲ್ಲ ಹಕ್ಕಿಯೂ ಹದವಾದ ಕಾಲ ನೋಡಿ ಮೊಟ್ಟೆಯಿಟ್ಟರೆ ಇದು ಸೂರ್ಯನೇ ಹುಟ್ಟದ ಚಳಿಗಾಲದಲ್ಲಿ ಇಡುತ್ತದಂತೆ. ಒಂದೇ ಒಂದು ಮೊಟ್ಟೆ. ಗೂಡಿಲ್ಲ, ಕಡ್ಡಿಯಿಲ್ಲ. ನೆಲಕ್ಕೆ ತಾಗಿದರೆ ಗಳಿಗೆಯಲ್ಲಿ ಹೆಪ್ಪುಗಟ್ಟಿ ಒಡೆಯುತ್ತದೆ. ಅದಕ್ಕೇ ತನ್ನ ಪಾದದ ಮೇಲೆ ಇಟ್ಟುಕೊಂಡು, ಹೊಟ್ಟೆಯ ಕೆಳಗಿನ ತೊಗಲಿನ ಮಡಿಕೆಯನ್ನು ಅದರ ಮೇಲೆ ಇಳಿಬಿಟ್ಟು ನಿಲ್ಲುತ್ತದೆ. ಆ ಮಡಿಕೆ ಗಂಡಿಗೂ ಇದೆಯಂತೆ, ಗಂಡೂ ಕಾವು ಕೊಡುತ್ತದಂತೆ. ಇದನ್ನು ಹೇಳುವಾಗ ಮಾಸ್ತರ ದನಿಯೇ ಉಡುಗಿಹೋಯಿತು. ಹೆಂಗಸರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಗಂಡಸು ಬಾಣಂತನ ಮಾಡ್ತೈತೇನ್ರಿ ಮಾಸ್ತರ? ನಮ್ಮೂರಾಗಿನವಕ್ಕೂ ಒಂದೀಟು ಹೇಳ್ರಿ!" ಎಂದು ಯಾರೋ ಹಿಂದಿನಿಂದ ಕೂಗಿದರು. ಮತ್ತೆ ನಗು. ದೊರೆಸಾನಿ ಮಾತ್ರ ನಗಲಿಲ್ಲ. ಅವಳು ಮುಂದಿನ ಗಾಜು ಹಾಕಿದಳು.

ಅದರಲ್ಲಿ ಒಂದೇ ಹಕ್ಕಿ. ತಲೆ ಬಾಗಿಸಿ ತನ್ನ ಪಾದವನ್ನೇ ನೋಡುತ್ತಿತ್ತು. ಪಾದದ ಮೇಲೆ ದುಂಡಗೆ ಏನೋ ಇತ್ತು. ಮೊಟ್ಟೆ ಎಂದುಕೊಂಡೆವು. ಮೊಟ್ಟೆಯಲ್ಲವಂತೆ. ಮೊಟ್ಟೆ ಕಳಕೊಂಡ ಹಕ್ಕಿಗಳು ತಡೆಯಲಾರದೆ ಮೊಟ್ಟೆಯ ಗಾತ್ರದ ಮಂಜಿನ ಗಡ್ಡೆಯೊಂದನ್ನು ಆರಿಸಿ, ಪಾದದ ಮೇಲೆ ಉರುಳಿಸಿಕೊಂಡು, ಹೊಟ್ಟೆಯಲ್ಲಿ ಮುಚ್ಚಿ ಕಾವು ಕೊಡುತ್ತವಂತೆ. ಆ ಗಡ್ಡೆಯ ಕೊರೆತವನ್ನು ಸಹಿಸಿಕೊಂಡು ನಿಂತೇ ಇರುತ್ತವಂತೆ. ಗೋದಾಮಿನಲ್ಲಿ ಅಯ್ಯೋ ಪಾಪ ಎಂದರು. ಆ ಬೇಗೆಯಲ್ಲಿ ನನ್ನ ಬೆನ್ನ ಮೇಲೆ ಯಾರೋ ತಣ್ಣೀರು ಸುರಿದ ಹಾಗಾಯಿತು.

ಅಕ್ಕಾ, ಈ ಮಾತನ್ನು ನಾನು ಅವ್ವನಿಗೂ ಹೇಳಿಲ್ಲ. ಆ ಹಾಳು ಜ್ವರದ ವರ್ಷ ನನ್ನ ಕೂಸು ಹನ್ನೊಂದು ದಿನ ಬದುಕಿ ಹೋಯಿತಲ್ಲ, ಹೆಸರಿಡಲು ಮರುದಿನಕ್ಕೆ ಎಲ್ಲ ಅಣಿಯಾಗಿತ್ತು. ತೊಟ್ಟಿಲಿಗೆ ಮೊದಲು ಹಾಕುತ್ತಾರಲ್ಲ, ಆ ಗುಂಡುಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಹೊಸ ಬಟ್ಟೆ ಸುತ್ತಿ ಇಟ್ಟಿದ್ದರು. ಕೂಸನ್ನು ಮಣ್ಣು ಮಾಡಿ ಬಂದ ಮೇಲೆ ತೊಟ್ಟಿಲು ಬಿಚ್ಚಿದರು, ಕಲ್ಲನ್ನು ಮರೆತರು. ನಾನು ಅದನ್ನು ಎತ್ತಿ ಹಾಸಿಗೆಗೆ ತಂದುಕೊಂಡೆ. ಎಂಟು ದಿನ ನನ್ನ ಮಗ್ಗುಲಲ್ಲಿ ಮಲಗಿಸಿಕೊಂಡೆ. ಎದೆಯ ಹಾಲು ಕಟ್ಟಿ ಕಲ್ಲಾಗಿತ್ತು, ಅದನ್ನು ಆ ಕಲ್ಲಿಗೇ ಒತ್ತಿಕೊಳ್ಳುತ್ತಿದ್ದೆ. ನಮ್ಮನೆಯವರು ನೋಡಿದರು, ಕಸಿಯಲಿಲ್ಲ. ಒಂಬತ್ತನೆಯ ದಿನ ಹುಬ್ಬಳ್ಳಿಯಿಂದ ಭಾವನವರು ಐದು ತಿಂಗಳ ಉಚ್ಚೆಂಗಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಿಳಿದರು. ನೀನು ಅದೇ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದೆ. "ನೀಲಾ, ಈಕೀನ ಉಳಿಸ್ಕೊಡು, ನಿಮ್ಮಕ್ಕ ಎದ್ದ ಮ್ಯಾಗ ಬಂದು ಒಯ್ತೀನಿ" ಎಂದರು ಭಾವನವರು. ನಾನು ಹೂಂ ಎಂದೆ. ಅವಳನ್ನು ಎದೆಗೆ ಹಾಕಿಕೊಂಡ ಗಳಿಗೆಯಲ್ಲೇ ಆ ಹೂಂ ಎಂಬುದನ್ನು ನಾನು ನುಂಗಿಬಿಟ್ಟೆ.

ನೀನು ಎದ್ದೆ. ಒಂದು ವರ್ಷಕ್ಕೆ ಎದ್ದು ಕುಳಿತೆ. ಆಮೇಲೆ ನಾನು ಬರೆದದ್ದೆಲ್ಲ ನಿನಗೆ ಗೊತ್ತು. ಈಗ ಹಲ್ಲು ಬರುತ್ತಿದೆ, ಪ್ರಯಾಣ ಬೇಡ. ಹುಬ್ಬಳ್ಳಿಯಲ್ಲಿ ಪ್ಲೇಗಿದೆಯಂತೆ, ಬೇಡ. ನಿನ್ನ ಎದೆಯ ಕೆಮ್ಮು ಕೂಸಿಗೆ ತಗಲೀತು, ನಿಮ್ಮ ಡಾಕ್ಟರನ್ನು ಕೇಳು. ನಿನ್ನ ಹೆಸರೆತ್ತಿದರೆ ಹೆದರಿ ಅಳುತ್ತಾಳೆ ಎಂದೂ ಬರೆದೆ. ಅಕ್ಕಾ, ಅವಳು ಯಾವತ್ತೂ ಅತ್ತಿಲ್ಲ. ಹುಬ್ಬಳ್ಳಿ ದೊಡ್ಡವ್ವ ಎಂದರೆ ಅವಳಿಗೆ ಲಂಗ ಕಳಿಸುವ, ಪೇಡೆ ಕಳಿಸುವ ದೊಡ್ಡವ್ವ. ನೀನೇ ಹೆತ್ತವಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳಗೊಟ್ಟಿರಲಿಲ್ಲ. ನೀನು ಎರಡು ವರ್ಷದಿಂದ ಕಳಿಸು ಎಂದು ಕೇಳುವುದನ್ನೇ ಬಿಟ್ಟೆ. ಗೆದ್ದೆ ಎಂದುಕೊಂಡಿದ್ದೆ.

ದೊರೆಸಾನಿ ಮತ್ತೊಂದು ಗಾಜು ಹಾಕಿದಳು. ಮರಿ ಹುಟ್ಟಿದ ಮೇಲಿನದು. ಬೂದಿ ಬಣ್ಣದ ತುಪ್ಪಳದ ಪುಟ್ಟ ಮರಿ ತಾಯಿಯ ಪಾದದ ಮೇಲೆ ನಿಂತು ಮಡಿಕೆಯಿಂದ ಇಣುಕಿ ನೋಡುತ್ತಿತ್ತು. ತಾಯಿ ನುಂಗಿ ತಂದ ಮೀನನ್ನು ಗಂಟಲಿನಿಂದ ಕಕ್ಕಿ ಅದರ ಬಾಯಿಗೆ ಕೊಡುತ್ತದಂತೆ. ನಮ್ಮ ಹೆಂಗಸರು ಶಿವ ಶಿವಾ ಎಂದು ಮೂಗು ಮುಚ್ಚಿಕೊಂಡರು. ಅಷ್ಟರಲ್ಲಿ ಮಾಸ್ತರು ದೊರೆಸಾನಿಯ ಮಾತು ಕೇಳಿಸಿಕೊಂಡು ಮುಖದ ಬೆವರು ಒರೆಸಿಕೊಂಡರು. ಆಮೇಲೆ ಹೇಳಿದರು. ಆ ಗುಂಪಿನಲ್ಲಿ ಮರಿ ಇರುವ ಹಕ್ಕಿಗಳಿಗಿಂತ ಮರಿ ಇಲ್ಲದವೇ ಹೆಚ್ಚು. ಮೊಟ್ಟೆ ಒಡೆದವು, ಮರಿ ಸತ್ತವು. ಯಾವುದೋ ಒಂದು ಮರಿ ತಾಯಿಯ ಪಾದದಿಂದ ಜಾರಿ ಹಿಮದ ಮೇಲೆ ಬಿದ್ದರೆ ಸಾಕು, ಹತ್ತು ಹನ್ನೆರಡು ಹಕ್ಕಿಗಳು ಓಡಿಬರುತ್ತವೆ. ಎಲ್ಲಕ್ಕೂ ಅದು ಬೇಕು. ಒಂದು ಕೊಕ್ಕಿನಿಂದ ಎಳೆದರೆ ಇನ್ನೊಂದು ಕಾಲಿನಿಂದ ತನ್ನ ಕಡೆ ದೂಡಿಕೊಳ್ಳುತ್ತದೆ. ಯಾವುದಕ್ಕೂ ಮರಿಯ ಮೇಲೆ ಸಿಟ್ಟಿಲ್ಲ, ತಿನ್ನುವ ಆಸೆಯಿಲ್ಲ. ಹೊಟ್ಟೆಯ ಕೆಳಗೆ ಇಟ್ಟುಕೊಳ್ಳಬೇಕು, ಅಷ್ಟೇ. ಆ ಎಳೆದಾಟದಲ್ಲಿ ಮರಿಯ ಚರ್ಮ ಹರಿಯುತ್ತದೆ, ಕೆಲವು ಕಾಲ್ತುಳಿತಕ್ಕೆ ಸಿಕ್ಕಿ ಅಪ್ಪಚ್ಚಿಯಾಗುತ್ತವೆ. ಇವುಗಳ ಕೈಗೆ ಸಿಗುವುದಕ್ಕಿಂತ ಸಾಯುವುದು ಮೇಲೆಂಬಂತೆ ಎಷ್ಟೋ ಮರಿಗಳು ಮಂಜಿನ ಸೀಳಿನೊಳಗೆ ನುಸುಳಿ ಅಡಗಿ, ಅಲ್ಲೇ ಸೆಟೆದು ಸಾಯುತ್ತವೆ. ಗೆದ್ದ ಹಕ್ಕಿ ಮರಿ ಸತ್ತದ್ದೂ ತಿಳಿಯದೆ, ಆ ಹೆಣದ ತುಪ್ಪಳ ಸವೆಯುವವರೆಗೆ ಅದನ್ನೇ ಹೊಟ್ಟೆಯ ಕೆಳಗೆ ಇಟ್ಟುಕೊಂಡು ಕಾವು ಕೊಡುತ್ತದೆ. ಚಿತ್ರ ಬಟ್ಟೆಯ ಮೇಲೇ ಇತ್ತು. ಹನ್ನೆರಡು ಕೊಕ್ಕು, ನಡುವೆ ಒಂದು ಬೂದಿ ಬಣ್ಣದ ಉಂಡೆ.

ಆಗ ಯಾರೂ ನಗಲಿಲ್ಲ. ಒಂದೆರಡು ಎಳೆಗೂಸುಗಳು ಅತ್ತವು. ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ ಒಂದು ಪ್ರಶ್ನೆ ಹೊರಟಿತು. "ಮಾಸ್ತರ, ಅದು ತನ್ನ ಮರಿ ಅಲ್ಲ ಅಂತ ಆ ಹಕ್ಕಿಗೆ ಗೊತ್ತಿರತೈತೇನು, ಕೇಳ್ರಿ ಅಕೀನ" ಎಂದೆ. ಮಾಸ್ತರು ಕೇಳಿದರು. ದೊರೆಸಾನಿ ಕತ್ತಲಲ್ಲಿ ನನ್ನ ಕಡೆ ತಿರುಗಿ ಏನೋ ಹೇಳಿದಳು. "ಗೊತ್ತಿರತೈತೋ ಇಲ್ಲೋ ಅವರಣ್ಣಗ ತಿಳೀಲಿಲ್ಲಂತ್ರಿ. ಆದರ ಬಿಡೋದಿಲ್ಲಂತ. ಅದಷ್ಟು ಖರೇ ಅಂತ" ಎಂದರು ಮಾಸ್ತರು. ಅದೇ ಹೊತ್ತಿಗೆ ನನ್ನ ತೊಡೆಯ ಮೇಲಿಂದ ಚೀರಾಟ ಬಂತು. "ಅವ್ವಾ, ಬಿಡು! ನೋಯ್ತೈತಿ! ಬಿಡು ನನ್ನ!" ನಾನು ಉಚ್ಚೆಂಗಿಯ ಎರಡೂ ರಟ್ಟೆಗಳನ್ನು ಹಿಡಿದಿದ್ದೆ ಅಕ್ಕಾ. ಯಾವಾಗಿನಿಂದ ಹಿಡಿದಿದ್ದೆನೋ ನನಗೆ ತಿಳಿಯದು. ಉಗುರು ಚರ್ಮದೊಳಗೆ ಇಳಿದಿತ್ತು. ಸುತ್ತಲಿನವರೆಲ್ಲ ತಿರುಗಿ ನೋಡಿದರು. ಕೈ ಬಿಟ್ಟೆ. ಬೆರಳ ತುದಿಯಲ್ಲಿ ರಕ್ತ ಹತ್ತಿತ್ತು. ನಿನ್ನ ಮಗಳನ್ನು ನಾನು ಒಂದು ದಿನವೂ ಹೊಡೆದವಳಲ್ಲ. ಬೈದವಳೂ ಅಲ್ಲ. ಜಂಬಕ್ಕ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದಳು: "ಹಡೆದಾಕಿ ಹಿಂಗ ಹಿಡೀತಿದ್ದಿಲ್ಲ ಬಿಡು." ಉಚ್ಚೆಂಗಿ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಎದ್ದು ಕತ್ತಲಲ್ಲಿ ಓಡಿಬಿಟ್ಟಳು.

ಬಾಗಿಲಿಗೆ ಅಗುಳಿ ಹಾಕಿತ್ತು, ಹೊರಗೆ ಹೋಗಿರಲಾರಳು. ದೀಪ ಆರಿಸಿ ಬಾಗಿಲು ತೆರೆಸಿ ಎಲ್ಲರನ್ನೂ ಹೊರಗೆ ಕಳಿಸಿ ಹುಡುಕಿದೆವು. ಕೂಗಿದರೆ ಉತ್ತರವಿಲ್ಲ. ಗೋಡೆಗೂ ಒಂದರ ಮೇಲೊಂದು ಒಟ್ಟಿದ ಚೀಲದ ಥಡಿಗೂ ನಡುವೆ ಒಂದು ಗೇಣು ಸಂದು ಇದೆ, ಇಲಿ ಓಡಾಡುವ ಸಂದು. ಅದರ ಬಾಯಲ್ಲಿ ಅವಳ ಒಂದು ಬಳೆ ಬಿದ್ದಿತ್ತು. ಬಗ್ಗಿ ನೋಡಿದರೆ ಒಳಗೆ ಎಷ್ಟೋ ದೂರದಲ್ಲಿ ಅವಳ ಕಣ್ಣು ಮಿನುಗಿತು. ಇಪ್ಪತ್ತು ಚೀಲ ಎತ್ತರದ ಥಡಿ ಅಕ್ಕಾ, ಒಂದೊಂದೂ ಎರಡು ಆಳು ಹೊರುವ ಭಾರ. ನಾನು ಮಲಗಿ ಕೈ ಚಾಚಿದೆ. ಭುಜದವರೆಗೆ ಹೋಯಿತು, ಅವಳು ಸಿಗಲಿಲ್ಲ. "ಬಾರವ್ವಾ, ಬಾ ನನ್ನ ಬಂಗಾರಾ, ಇನ್ನ ಮುಟ್ಟೋದಿಲ್ಲ" ಎಂದೆ. ನಾನು ಕರೆದಷ್ಟೂ ಅವಳು ಇನ್ನೂ ಒಳಗೆ ಸರಿದಳು. ಸರಿದ ಕಡೆ ಚೀಲವೊಂದು ಮಿಸುಕಿತು. ಮೇಲಿನಿಂದ ಭತ್ತ ಜರಜರನೆ ಸುರಿಯತೊಡಗಿತು. ನಮ್ಮನೆಯವರು ಓಡಿಬಂದು ನನ್ನನ್ನು ಸೆರಗು ಹಿಡಿದು ಹಿಂದಕ್ಕೆ ಎಳೆದರು. "ಕರೀಬ್ಯಾಡ ನೀಲಾ. ನೀ ಕರದಷ್ಟೂ ಒಳಗ ಹೊಂಟಾಳ. ಸುಮ್ನ ಹೊರಗ ಹೋಗು" ಎಂದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರು ನನಗೆ ಹೊರಗೆ ಹೋಗು ಎಂದದ್ದು ಅದೇ ಮೊದಲು.

ನಾನು ಅಂಗಳದ ಬಿಸಿಲಿನಲ್ಲಿ ಬರಿಗಾಲಲ್ಲಿ ನಿಂತಿದ್ದೆ. ಒಳಗೆ ಎರ್ರಿಯಪ್ಪ ಎಂಬ ಹಮಾಲರ ಮುಖಂಡ ಆರು ಆಳು ಹಚ್ಚಿ, ಮೇಲಿನಿಂದ ಒಂದೊಂದೇ ಚೀಲ ಇಳಿಸಿದ. ಎಸೆಯುವಂತಿಲ್ಲ, ಅದುರಿದರೆ ಥಡಿ ಕುಸಿಯುತ್ತದೆ. ಅವನು ಅವಳೊಂದಿಗೆ ಏನೇನೋ ಮಾತಾಡುತ್ತಲೇ ಇದ್ದ, ಕೇಳಿಸುತ್ತಿತ್ತು. "ಅಲ್ಲೇ ಕುಂದ್ರವ್ವ, ಅಲ್ಲಾಡಬ್ಯಾಡ. ಯಾರೂ ನಿನ್ನ ಎಳಿಯೋದಿಲ್ಲ. ಬಾಗಿಲು ಮಾಡ್ತೀವಿ, ನಿನಗ ಬೇಕಂದಾಗ ನೀನ ಬಾ." ಒಂದು ತಾಸು ಹಿಡಿಯಿತು. ಆ ಒಂದು ತಾಸಿನಲ್ಲಿ ನಾನು ಎಷ್ಟು ಸಲ ಸತ್ತೆನೋ. ಕಡೆಗೆ ಅವಳು ತಾನೇ ಹೊರಗೆ ಬಂದಳು, ಮೈಯೆಲ್ಲ ಧೂಳು, ಮೂಗಿನೊಳಗೆ ಹೊಟ್ಟು. ನನ್ನ ಕಡೆ ಬರಲಿಲ್ಲ. ದೊರೆಸಾನಿ ಬಾವಿಕಟ್ಟೆಯ ಮೇಲೆ ಕೂರಿಸಿ ಅವಳ ರಟ್ಟೆಯ ಗಾಯಗಳನ್ನು ತೊಳೆದಳು. ಒಂದೊಂದು ರಟ್ಟೆಯಲ್ಲಿ ನಾಲ್ಕು. ಔಷಧಿ ಹಚ್ಚುವಾಗ ಒಂದೊಂದಾಗಿ ಎಣಿಸಿದಳು, ಯಾರು ಮಾಡಿದರೆಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಭಾನುವಾರವಿಡೀ ಅವಳು ನನ್ನೊಡನೆ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ತಾನಾಗಿಯೇ ಕೇಳಿದಳು. "ಜಂಬಕ್ಕ ಅಂದದ್ದು ಖರೇನಾ?" ನನ್ನ ಕೈಯಲ್ಲಿ ಬಾಚಣಿಗೆ ನಿಂತಿತು. ಸುಳ್ಳು ಸಿದ್ಧವಾಗಿಯೇ ಇತ್ತು ಅಕ್ಕಾ, ಆರೂವರೆ ವರ್ಷದಿಂದ ಬಾಯಿಪಾಠ. ಆದರೆ ಅವಳ ರಟ್ಟೆಯ ಮೇಲೆ ಆ ನಾಲ್ಕು ಕಪ್ಪು ಚುಕ್ಕೆ ಕಾಣುತ್ತಿದ್ದವು. "ಖರೇ ಐತವ್ವ. ಹುಬ್ಬಳ್ಳಿ ದೊಡ್ಡವ್ವನೇ ನಿಮ್ಮವ್ವ. ಆಕೀಗೆ ಭಾಳ ಜಡ್ಡಾಗಿತ್ತು, ಅದಕ್ಕ ನಿನ್ನ ನನ್ನ ಕೈಯಾಗ ಕೊಟ್ಟಿದ್ಲು. ಜಡ್ಡು ಹೋದ ಮ್ಯಾಗ ಕೇಳಿದ್ಲು. ನಾ ಕೊಡಲಿಲ್ಲ" ಎಂದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಸ್ವಲ್ಪ ಹೊತ್ತು ಕನ್ನಡಿಯೊಳಗೆ ನನ್ನನ್ನೇ ನೋಡಿದಳು. ಆಮೇಲೆ, "ಹಂಗಾದ್ರ ನೀ ಯಾರು?" ಎಂದಳು. ಸಿಟ್ಟಿನಿಂದ ಕೇಳಲಿಲ್ಲ, ದಾರಿಯಲ್ಲಿ ಕಂಡ ಹೊಸಬರನ್ನು ಕೇಳುವ ಹಾಗೆ ಕೇಳಿದಳು. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು, ನಿಮ್ಮವ್ವನ ತಂಗಿ, ನಿನಗೆ ಚಿಗವ್ವ ಎಂದೆ. ಅವಳು ಒಂದು ಸಲ ಬಾಯೊಳಗೇ ಅಂದು ನೋಡಿದಳು, ಹೊಸ ಹಲ್ಲನ್ನು ನಾಲಗೆಯಿಂದ ಮುಟ್ಟಿ ನೋಡುವ ಹಾಗೆ. ಆಮೇಲೆ "ಜಡೆ ಅರ್ಧಕ್ಕ ನಿಂತೈತಿ, ಹಾಕು" ಎಂದಳು.

ಮಧ್ಯಾಹ್ನ ನಮ್ಮನೆಯವರ ಮುಂದೆ ಎಲ್ಲ ಹೇಳಿ, ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದು ನಿನಗೆ ಒಪ್ಪಿಸಿ ಬರುತ್ತೇನೆ ಎಂದೆ. ಅವರು ಊಟದ ತಾಟನ್ನು ಪಕ್ಕಕ್ಕೆ ಸರಿಸಿದರು. "ನಿನ್ನೊಬ್ಬಾಕೀ ತಪ್ಪಲ್ಲ. ಮನ್ಯಾಗ ಕೂಸಿನ ಸಪ್ಪಳ ಇರಲಿ ಅಂತ ನಾನೂ ಸುಮ್ಮನಿದ್ದೆ. ನಾನೂ ಬರ್ತೀನಿ" ಎಂದರು. ಗಿರಣಿಯ ಸಾಮಾನು ಈ ವಾರವೇ ಬರುವುದಿದೆ, ಬರಲಿ, ಯಾರಾದರೂ ಇಳಿಸಿಕೊಳ್ಳುತ್ತಾರೆ ಎಂದರು. ಅಷ್ಟು ಹೇಳಿ ಎದ್ದು ಕೈ ತೊಳೆದರು, ಉಣ್ಣಲಿಲ್ಲ.

ಅಕ್ಕಾ, ಆ ಹಕ್ಕಿ ಎಲ್ಲಿಯದೋ, ಆ ಮಂಜಿನ ನೆಲವನ್ನು ನಾನು ಈ ಜನ್ಮದಲ್ಲಿ ನೋಡುವುದಿಲ್ಲ. ಅದನ್ನು ತಪ್ಪೆನ್ನಲೂ ಆರೆ, ಅದು ಪ್ರಾಣಿ. ನನಗೆ ಬುದ್ಧಿ ಇತ್ತು, ಅಪ್ಪ ಮರಳಿನ ಮೇಲೆ ತಿದ್ದಿಸಿದ ಅಕ್ಷರವೂ ಇತ್ತು. ಆ ಅಕ್ಷರದಲ್ಲೇ ನಿನಗೆ ಇಷ್ಟು ವರ್ಷ ಸುಳ್ಳು ಬರೆದೆ. ಪ್ರೀತಿ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಪ್ರೀತಿ ಇರಲಿಲ್ಲ ಎಂದು ಈಗಲೂ ನನಗೆ ಅನ್ನಿಸುತ್ತಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸುತ್ತಿದೆ. ಲಂಗಕ್ಕೆ ದಾರದ ಅಳತೆ ಕಳಿಸುತ್ತಿಲ್ಲ. ಶುಕ್ರವಾರ ಬೆಳಗಿನ ಗಾಡಿಗೆ ಹತ್ತುತ್ತೇವೆ, ಗದಗಿನ ಮೇಲೆ ಸಂಜೆಗೆ ಹುಬ್ಬಳ್ಳಿ ಮುಟ್ಟುತ್ತೇವೆ. ಅವಳನ್ನೇ ನಿಲ್ಲಿಸಿಕೊಂಡು ಅಳೆದುಕೋ. ಅವಳಿಗೆ ಜೋಳದ ರೊಟ್ಟಿ ಬಿಸಿಯಿದ್ದರೆ ಮಾತ್ರ ಸೇರುತ್ತದೆ, ಬದನೆಕಾಯಿ ಮುಟ್ಟುವುದಿಲ್ಲ. ಮೊದಮೊದಲು ಮಾತಾಡದಿದ್ದರೆ ಬೇಸರ ಮಾಡಿಕೊಳ್ಳಬೇಡ. ಹತ್ತಿರ ಕರೆಯಬೇಡ, ಸುಮ್ಮನೆ ಏನಾದರೂ ಕೆಲಸ ಮಾಡುತ್ತಾ ಕುಳಿತಿರು, ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತಾಳೆ.

ಭಾವನವರಿಗೆ ನಮ್ಮಿಬ್ಬರ ಶರಣು ತಿಳಿಸು. ನಿನ್ನ ಎದೆಗೆ ಬಲ ಬರಲಿ, ಮನೆಯಲ್ಲಿ ಮಗುವಿನ ಓಡಾಟ ನೋಡುವಷ್ಟು ಆಯುಷ್ಯವನ್ನು ಆ ವಿರೂಪಾಕ್ಷ ನಿನಗೆ ಕೊಡಲಿ.

ನಿನ್ನ ತಂಗಿ,
ನೀಲಗಂಗಮ್ಮ

ಮ. ಬ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಉಚ್ಚೆಂಗಿಗೆ ಎರಡು ವರ್ಷವಾದಾಗ ನೀನು ಅವಳನ್ನು ಒಯ್ಯಲು ಬಂದಿದ್ದೆಯಲ್ಲ, ನಮ್ಮತ್ತೆ ಅವಳನ್ನು ಕರೆದುಕೊಂಡು ಹರಕೆಗೆ ಉಜ್ಜಿನಿಗೆ ಹೋಗಿದ್ದಾರೆ ಎಂದಿದ್ದೆ. ಅತ್ತೆ ಹೋದದ್ದು ನಿಜ. ಮಗು ಹೋಗಿರಲಿಲ್ಲ. ನೀನು ನಮ್ಮ ಪಡಸಾಲೆಯಲ್ಲಿ ಕಾದ ಮೂರು ದಿನವೂ ಅವಳು ಜಂಬಕ್ಕನ ಮಾಳಿಗೆಯ ಮೇಲಿದ್ದಳು. ಮೂರನೆಯ ದಿನ ಜಟಕಾ ಹತ್ತುವಾಗ ನೀನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತುಬಿಟ್ಟೆ. "ಯಾರ ಕೂಸದು, ಹಂಗ ಅಳತೈತಿ? ಹಸ್ತೈತಿ ನೋಡು" ಎಂದೆ. ಜಂಬಕ್ಕನ ಮೊಮ್ಮಗಳು ಎಂದೆ ನಾನು. ನಿನ್ನ ಮಗಳಿಗೆಂದು ತಂದಿದ್ದ ಪೇಡೆಯ ಪೊಟ್ಟಣವನ್ನು ನನ್ನ ಕೈಗಿಟ್ಟು, "ಆ ಕೂಸಿಗೂ ಒಂದು ಕೊಡು" ಎಂದು ಹೇಳಿ ಹೋದೆ. ಕೊಟ್ಟೆ ಅಕ್ಕಾ. ಎಲ್ಲವನ್ನೂ ಅವಳೇ ತಿಂದಳು. ಇದನ್ನು ನಿನ್ನ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ, ನಮಗಿಂತ ಮೊದಲು ಕಾಗದ ಮುಟ್ಟಲಿ ಎಂದೇ ಶುಕ್ರವಾರ ಹೊರಡುತ್ತಿರುವುದು. ಓದಿದ ಮೇಲೆ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಸ್ಟೇಷನ್ನಿಗೆ ಭಾವನವರನ್ನು ಕಳಿಸು, ಅವರ ಕೈಯಲ್ಲಿ ಅವಳ ಕೈ ಕೊಟ್ಟು ನಾವು ಊರಿಗೆ ಮರಳುವ ಗಾಡಿಗೆ ಹತ್ತುತ್ತೇವೆ. ನೀನೇ ಬರುವುದಾದರೆ ಗುರುತು ಬರೆದಿದ್ದೇನೆ, ಐದು ತಿಂಗಳವಳಿದ್ದಾಗ ನೋಡಿದ್ದು ನೀನು: ಹಸಿರು ಲಂಗ, ಎರಡು ಜಡೆ, ಮೇಲಿನ ಸಾಲಿನಲ್ಲಿ ಮುಂದಿನ ಒಂದು ಹಲ್ಲು ಬಿದ್ದಿದೆ.